ಗೌಡರ ತಾಯಿಗೆ ನೀರು

"ಹೇಲು ಬಾಚು, ಬಟ್ಟೆ ಒಗಿ, ಕಾಲು ತಿಕ್ಕು. ಬಿಂದಿಗೆಗೆ ಮಾತ್ರ ಕೈ ಇಕ್ಕಿದೆಯೋ, ತೊಗಲು ಸುಲಿದುಬುಡ್ತೀನಿ, ಮುಂಡೆ!"

ರಾಮರ್ ಗೌಡ ದೂರದ ಹುಣಸೆ ಮರದಡಿ ನಿಂತು, ಮೂಗಿಗೆ ಪಂಚೆ ಒತ್ತಿಕೊಂಡು ಕೂಗುತ್ತಿದ್ದ. ಗುಡಿಸಲಲ್ಲಿ ಬಿದ್ದಿದ್ದವಳು ಅವನ ಹೆತ್ತ ತಾಯಿ ಪಿಚ್ಚೈಯಮ್ಮಾಳ್. ಮಲೆಯ ಮೇಲೆ ಅಣೆ ಕಟ್ಟುವ ಕೂಲಿಗಳ ಜೊತೆ ಇಳಿದ ವಾಂತಿಭೇದಿ ಕಂಬಂ ಸುತ್ತಲ ಊರುಗಳಿಗೆಲ್ಲ ಹಬ್ಬಿತ್ತು. ಗೌಡರ ಬೀದಿಗೂ ಬಂತು ನೋಡಿ, ಮುದುಕಿಯನ್ನು ಎತ್ತಿ ತೆಂಗಿನ ತೋಟದಾಚೆಗೆ ಹಾಕಿದರು. ನೋಡಿಕೊಳ್ಳಲು ಯಾರು? ಚಪ್ಪಲಿ ಹೊಲಿಯುವ ಚಕ್ಕಿಲಿಯರ ಕೇರಿಯ ಮುತ್ತುಮಾರಿ. ಅಣೆಯ ಕೂಲಿಗಳ ಆಸ್ಪತ್ರೆ ಕೊಟ್ಟಿಗೆಯಲ್ಲಿ ರೋಗಿಗಳ ಚಾಕರಿ ಮಾಡಿ ಬಂದಿದ್ದ ಹೆಂಗಸು.

"ನೀರು ಗೋವಿಂದನ್ ಬಂದು ಹುಯ್ತಾನೆ," ಎಂದ ಗೌಡ. "ನಿನ್ನ ಕೈನೀರು ಒಳಕ್ಕೋದ್ರೆ ನನ್ ಹೆತ್ತ ಆತ್ತಾಳ ಚಟ್ಟ ಹೊರೋಕೆ ನಮ್ಮ ಜಾತಿನೋನು ಒಬ್ಬನೂ ಬರಾಕಿಲ್ಲ. ತಿಳೀತಾ?"

"ತಿಳೀತು ಸಾಮಿ."

ಗೋವಿಂದನ್ ಗೌಡನ ಅಕ್ಕನ ಮಗ. ಬೆಳಿಗ್ಗೆ ಒಮ್ಮೆ ಬಂದ, ಹೊಸಿಲಲ್ಲೇ ನಿಂತು ಉಸಿರು ಬಿಗಿಹಿಡಿದು ಬಗ್ಗಿಸಿದ. ಅರ್ಧ ನೀರು ಮುದುಕಿಯ ಕಿವಿಗೆ ಹೋಯಿತು. ಆಮೇಲೆ ಪುಣ್ಯಾತ್ಮನ ಸುಳಿವಿಲ್ಲ.

ಮುತ್ತುಮಾರಿ ಬಾಚಿದಳು, ಒರೆಸಿದಳು, ಬಿಸಿಬೂದಿ ಗಂಟು ಕಟ್ಟಿ ಸೆಟೆದ ಮೀನಖಂಡ ಕಾಯಿಸಿದಳು. ಈ ಮುದುಕಿ ಅಂಗಳದಲ್ಲಿ ಮೇಲಿಂದಲೇ ಅವಳ ಬೊಗಸೆಗೆ ಕೂಳು ಸುರಿಯುತ್ತಿದ್ದವಳು, ಎಲ್ಲಿ ತನ್ನ ಕೈ ತಗುಲೀತೋ ಎಂದು. ಸಿಟ್ಟಿರಲಿಲ್ಲವೇ? ಇತ್ತು, ಬೇಕಾದಷ್ಟಿತ್ತು. ಆದರೆ ನೋವಿಗೆ ಮಗುವಿನ ಹಾಗೆ ಮುಲುಗುಟ್ಟುವ ಜೀವದ ಮೇಲೆ ಎಷ್ಟು ಹೊತ್ತು ಸಿಟ್ಟು ಹಿಡಿಯುವುದು? ತಲೆ ಎತ್ತಿ ತೊಡೆಯ ಮೇಲೆ ಇಟ್ಟುಕೊಂಡಳು.

"ಮುತ್ತು... ಒಂದು ಗುಟುಕು ಕೊಡಡಿ."

"ನನ್ನ ಕೈ ಆತ್ತಾ..."

"ಯಾವ ಕೈಯಾದ್ರೇನಡಿ. ಉಸುರು ಹೋತದೆ."

ಬಿಂದಿಗೆ ಬಾಗಿಲಲ್ಲೇ ಇತ್ತು. ಮಲೆಯ ಆಸ್ಪತ್ರೆ ಕೊಟ್ಟಿಗೆಯಲ್ಲಿ ಕೈ ಯಾರದೆಂದು ಕೇಳುವವರಿರಲಿಲ್ಲ. ಗಂಜಿನೀರು ಇಳಿದವರು ಎದ್ದು ಕೂತದ್ದನ್ನು ಅವಳು ಕಣ್ಣಾರೆ ಕಂಡಿದ್ದಳು. ಆದರೂ ಬೆನ್ನು ಚುರುಗುಟ್ಟಿತು. "ಇಗೋ ಕರ್ಕೊಂಡು ಬಂದೆ" ಎಂದು ಊರ ಕಡೆ ಓಡಿದಳು.

ಬೀದಿಯೊಳಗೆ ಅವಳು ಕಾಲಿಡುವಂತಿಲ್ಲ. ಎಲ್ಲೆಯ ಕಲ್ಲಿನ ಆಚೆ ನಿಂತು ಗಂಟಲು ಹರಿಯುವಂತೆ ಕೂಗಿದಳು. "ಗೋವಿಂದ ಸಾಮೀ! ಆತ್ತಾ ನೀರು ಕೇಳ್ತಾವ್ರೆ ಸಾಮೀ!" ಒಂದು ಬಾಗಿಲು ಸಂದಿಯಷ್ಟು ತೆರೆಯಿತು. "ಬತ್ತಾನೆ, ಬಾಯ್ ಮುಚ್ಕೊಂಡು ನಿಲ್ಲಡಿ" ಎಂದಿತು, ಮುಚ್ಚಿತು. ನಂಬಿದಳು, ಪಾಪಿ. ಬಿಸಿಲು ನೆತ್ತಿಗೇರುವ ತನಕ ನಿಂತಳು.

ಯಾರೂ ಬರಲಿಲ್ಲ.

ಅವಳು ಏದುಸಿರು ಬಿಡುತ್ತ ಬಂದಾಗ ಮುದುಕಿಯ ಕಣ್ಣು ಗುಳಿಗೆ ಇಳಿದಿತ್ತು. ಮುತ್ತುಮಾರಿ ಬಿಂದಿಗೆಗೆ ಕೈಯದ್ದಿ ಬೊಗಸೆಯಲ್ಲೇ ಹಿಡಿದಳು. "ಕುಡಿ ಆತ್ತಾ, ಕುಡಿಯೇ ನನ್ನವ್ವಾ." ನೀರು ಕಟವಾಯಿಯ ಎರಡೂ ಕಡೆಯಿಂದ ಹೊರಗೆ ಬಂತು. ಮತ್ತೆ ಹಿಡಿದಳು, ಮತ್ತೆ ಬಂತು. ಮುದುಕಿ ಅವಳನ್ನೇ ನೋಡುತ್ತ ಹೋಗಿಬಿಟ್ಟಳು.

ಮುತ್ತುಮಾರಿ ಹಣೆ ಹಣೆ ಚಚ್ಚಿಕೊಂಡಳು. ಕೇಳಿದಾಗಲೇ ಕೊಟ್ಟಿದ್ದರೆ! ಕೈಯಳತೆಯಲ್ಲಿತ್ತಲ್ಲ. ನನ್ನ ತೊಗಲು ಉಳಿಸಿಕೊಳ್ಳಲು ಓಡಿದೆನಲ್ಲ, ಥೂ ನನ್ನ ಬಾಳಿಗೆ!

ಇಳಿಹೊತ್ತಿಗೆ ಗೌಡ ಬಂದ. ಜೊತೆಗೆ ಚಟ್ಟ ಹೊರಲು ನಾಲ್ವರು, ಅವರಲ್ಲಿ ಗೋವಿಂದನೂ ಒಬ್ಬ. ಹೆಣ ಕಟ್ಟಿದ್ದಾಯಿತು. ಹೆಗಲು ಕೊಡುವ ಮುಂಚೆ ಎಲ್ಲರಿಗೂ ಕೇಳುವಂತೆ ಗೌಡ ಕೇಳಿದ.

"ಏಯ್, ಬಿಂದಿಗೆ ಮುಟ್ಟಲಿಲ್ಲ ತಾನೆ? ಇಲ್ಲ ಅನ್ನು."

ಇಲ್ಲ ಎಂದರೆ ಮುಗಿಯಿತು. ನಾಲಿಗೆ ತುದಿಗೂ ಬಂದಿತ್ತು.

"ಮುಟ್ಟಿದೆ ಸಾಮಿ."

"ಬಾಯ್ ಮುಚ್ಚಡಿ!" ಗೌಡ ಪಿಸುಗುಟ್ಟಿದ.

"ಮುಟ್ಟಿದೆ, ಹುಯ್ದೆ. ತಡ ಮಾಡಿ ಹುಯ್ದೆ, ಅದೇ ನಾ ಮಾಡಿದ ಪಾಪ. ನಿಮ್ ಮಾತು ಕೇಳಿ ಆತ್ತಾಳ್ನ ನೀರಿಲ್ದೆ ಕೊಂದುಬುಟ್ಟೆ. ನೀವೂ ಕೊಂದ್ರಿ. ಇಗೋ ಈ ಗೋವಿಂದ ಸಾಮೀನೂ ಕೊಂದ್ರು."

ಮೊದಲು ಕೈಬಿಟ್ಟವನು ಗೋವಿಂದನ್. ಆಮೇಲೆ ಉಳಿದ ಮೂವರು. ತೋಟದ ದಾರಿ ಹಿಡಿದು ನಡೆದೇಬಿಟ್ಟರು. ಗೌಡ ಮುತ್ತುಮಾರಿಯ ಕೆನ್ನೆಗೆ ಬಾರಿಸಿದ. ಅವಳು ಬಿದ್ದಳು, ಎದ್ದಳು. ಸೆರಗು ಸೊಂಟಕ್ಕೆ ಬಿಗಿದು ಚಟ್ಟದ ತಲೆಯ ಕಡೆಗೆ ಹೋಗಿ ಬಿದಿರು ಹಿಡಿದಳು.

"ಕಾಲ್ ಕಡೆ ನೀವು ಹಿಡೀರಿ ಸಾಮಿ."

ಗೌಡ ತಿರುಗಿ ನೋಡಿದ. ಹಿಂದೆ ಯಾರೂ ಇರಲಿಲ್ಲ.