ಕರಿ ಚುಕ್ಕೆಯ ಟ್ರಾನ್ಸಿಸ್ಟರ್

"ಸಾವ್ಕಾರ್ರ, ಕೈ ತಗೀರಿ. ನೀವು ಹೆಗಲ ಕೊಡೂದು ಬ್ಯಾಡ."

ಚಟ್ಟದ ಬಿದಿರಿಗೆ ಬಾಗಿದ್ದ ಕಾಶಪ್ಪ ತಲೆಯೆತ್ತಿದ. ವಡಾಲದ ಚಾಳಿನ ಅಂಗಳದಲ್ಲಿ ನೆರೆದವರೆಲ್ಲ ರುಕ್ಮಿಣಿಬಾಯಿಯತ್ತ ತಿರುಗಿದರು. ಗಂಡ ಚಂದ್ರಾಮನ ಹೆಣದ ಮುಂದೆ ಅಳುವುದು ಬಿಟ್ಟು, ಅವನು ವರ್ಷಗಟ್ಟಲೆ ದುಡಿದ ರೇಡಿಯೊ ಅಂಗಡಿಯ ಮಾಲೀಕನ ಮೇಲೆಯೇ ಏರಿಹೋಗಿದ್ದಳು.

"ದುಃಖದಾಗ ಅದಾಳ, ಬಿಡ್ರಿ," ಎಂದ ಕಾಶಪ್ಪ. "ಚಂದ್ರಾಮ ನನ್ನ ತಮ್ಮ ಇದ್ದಂಗ. ಪಾಪ, ಕಡೀಕ ಕಿವಿ ಕೆಟ್ಟಿತ್ತು. ಆದ್ರೂ ಸಂಭಾಳಿಸಿದೆ."

ಕಿವಿ ಕೆಟ್ಟಿತ್ತಂತೆ! ರುಕ್ಮಿಣಿಬಾಯಿಯ ಮೈಯೆಲ್ಲ ಉರಿದುಹೋಯಿತು.

*

ಎಪ್ಪತ್ತೆರಡನೇ ಇಸವಿಯ ಮಾತು. ಹೋಟೆಲುಗಳಲ್ಲಿ ಗಿಟಾರ್ ಬಾರಿಸುವವರು ಕಾಲಿನಿಂದ ಒತ್ತುವ ಪೆಡಲುಗಳನ್ನು ಚಂದ್ರಾಮ ಅಂಗಡಿಯಲ್ಲಿ ಕಟ್ಟುತ್ತಿದ್ದ. ಅವುಗಳೊಳಗಿನ ಬಫರ್ ಸರ್ಕ್ಯೂಟಿಗೆ ಕಡಲೆಕಾಳಿನಷ್ಟು ಚಿಕ್ಕ ಬಿಡಿಭಾಗವಾದ ಟ್ರಾನ್ಸಿಸ್ಟರ್ ಆರಿಸುವುದನ್ನು ಮಾತ್ರ, ಬೀದಿಯ ಗದ್ದಲ ಬೇಡವೆಂದು, ಮನೆಗೆ ತರುತ್ತಿದ್ದ. ಒಂದೊಂದನ್ನೇ ಸಿಕ್ಕಿಸಿ ಹೆಡ್‌ಫೋನಿನಲ್ಲಿ ಕೇಳುವನು. ಆಮೇಲೆ ಹೆಂಡತಿಯ ಕಿವಿಗೂ ಇಡುವನು.

"ಸುಸ್ಸ್ ಅಂತೈತೇನ?"

"ಹ್ಞೂಂ, ಒಗ್ಗರಣಿ ಹಾಕಿದಂಗ."

"ಹಂಗಾರ ಬ್ಯಾಡ. ಗಿಟಾರಿನ ದನಿ ಉದ್ದನ್ನ ವಾಯರಿನಾಗ ಸೊರಗತೈತಿ. ಸೊರಗದಂಗ ಕಾಯೂದು ಬಫರ್ ಕೆಲಸ. ಕಾಯಾಂವನ ಗದ್ದಲ ಮಾಡಿದ್ರ ಹೆಂಗ?"

ಬೇಡವಾದವಕ್ಕೆ ಕರಿ ಬಣ್ಣದ ಚುಕ್ಕೆ ಇಟ್ಟು, ಬೇರೆ ರಿಪೇರಿಗೆ ಆದೀತೆಂದು ಅಂಗಡಿಗೆ ಒಯ್ಯುವನು.

ಒಂದು ದಿನ ಸಾಂತಾಕ್ರೂಜಿನ ಹೋಟೆಲಿನಲ್ಲಿ ಬಾರಿಸುವ ಲಾರೆನ್ಸ್ ತನ್ನ ಪೆಡಲನ್ನು ತಂದು ಕೌಂಟರಿನ ಮೇಲೆ ಕುಕ್ಕಿದ. ಹಾಡಿನ ನಡುವೆ ಅದು ಬುಸುಗುಟ್ಟಿ, ಕೂತವರು ನಕ್ಕಿದ್ದರಂತೆ. "ಇವನ ಕಿವಿ ಹೋಗ್ಯಾವ," ಚಂದ್ರಾಮನತ್ತ ಕೈ ತೋರಿಸಿ ಎಂದುಬಿಟ್ಟ ಕಾಶಪ್ಪ. ಲಾರೆನ್ಸ್ ಹೋದ ಮೇಲೆ ಚಂದ್ರಾಮ ಅದನ್ನು ಬಿಚ್ಚಿದ. ಒಳಗಿತ್ತು ಕರಿ ಚುಕ್ಕೆಯದು. ಅವನು ಹಾಕಿದ್ದ ಒಳ್ಳೆಯದನ್ನು ಕಾಶಪ್ಪ ತೆಗೆಸಿ, ಇದನ್ನು ಹಾಕಿಸಿ, ಅದನ್ನು ಬೇರೆಯವರಿಗೆ ಮಾರಿಕೊಂಡಿದ್ದ. ಹೀಗೇಕೆ ಮಾಡಿದಿರೆಂದು ಚಂದ್ರಾಮ ಕೇಳಿದ, ಕೆಲಸ ಹೋಯಿತು. ಆ ಬೀದಿಯ ಅಂಗಡಿಗಳಿಗೆಲ್ಲ ಕಿವಿ ಕೆಟ್ಟ ಸುದ್ದಿ ಅವನಿಗಿಂತ ಮೊದಲೇ ತಲುಪಿತ್ತು. ಕೊನೆಗೆ ಬಂದರಿನ ಗೋದಾಮೊಂದರಲ್ಲಿ ಕಾವಲುಗಾರನಾದ. ಹೆಡ್‌ಫೋನನ್ನು ಮತ್ತೆ ಮುಟ್ಟಲಿಲ್ಲ.

*

ಇದೆಲ್ಲವನ್ನೂ ರುಕ್ಮಿಣಿಬಾಯಿ ಅಂಗಳದಲ್ಲೇ ನಿಂತು ಹೇಳಿದಳು. ಒಂದು ಮಾತೂ ತಪ್ಪಲಿಲ್ಲ.

"ಹೆಣದ ಮುಂದ ಇವೆಲ್ಲ ಯಾಕ?" ಎಂದ ಕಾಶಪ್ಪ.

"ಹೆಣದ ಮುಂದನ ಸುಳ್ಳು ಹೇಳಿದವ್ರು ನೀವು!"

ಗುಂಪಿನ ಹಿಂದೆ ನಿಂತಿದ್ದ ಲಾರೆನ್ಸ್ ಮುಂದೆ ಬಂದ. "ಸಚ್ ಹೈ, ಸೇಠ್?" ನಿಜವೇ ಎಂದು ಕಾಶಪ್ಪನನ್ನೇ ಕೇಳಿದ. ಕಾಶಪ್ಪ ಬಿದಿರನ್ನು ಇನ್ನಷ್ಟು ಬಿಗಿಯಾಗಿ ಹಿಡಿದ. ಲಾರೆನ್ಸ್ ಅವನ ಕೈಯನ್ನು ಬಿದಿರಿನಿಂದ ಸರಿಸಿ, ತಾನೇ ಹೆಗಲು ಕೊಟ್ಟ.

ಚಟ್ಟ ಹೊರಟ ಮೇಲೆ ರುಕ್ಮಿಣಿಬಾಯಿ ಮೇಲಿನ ಗ್ಯಾಲರಿಗೆ ಹತ್ತಿ ನೋಡುತ್ತ ನಿಂತಳು. ದೂರದಲ್ಲಿ ಚಟ್ಟದ ದಾರಿಗಡ್ಡವಾಗಿ ರೈಲ್ವೆ ಫಾಟಕು ಮುಚ್ಚಿತ್ತು. ಕಾಯುತ್ತ ನಿಂತಲ್ಲಿ ಚಟ್ಟದ ಹಿಂಬದಿಗೆ ಹೆಗಲು ಕೊಟ್ಟಿದ್ದ ಮುದುಕನ ಕಾಲು ಕುಸಿಯತೊಡಗಿತು. ಹಿಂದೆಯೇ ಬಂದಿದ್ದ ಕಾಶಪ್ಪ ಹೆಗಲೊಡ್ಡಲು ಮುನ್ನುಗ್ಗಿದ. ಅಷ್ಟರಲ್ಲಿ ಬಂದರಿನ ಕಡೆಯಿಂದ ಬರುತ್ತಿದ್ದ, ಯಾರೂ ಅರಿಯದ ಹಮಾಲನೊಬ್ಬ ತಲೆಯ ಮೇಲಿನ ಮೂಟೆಯನ್ನು ಧೊಪ್ಪನೆ ಇಳಿಸಿ, ಬಿದಿರಿನ ಕೆಳಗೆ ನುಸುಳಿದ.

ಫಾಟಕು ತೆರೆಯಿತು. ಚಟ್ಟ ಹಳಿ ದಾಟಿತು. ಕಾಶಪ್ಪ ಆ ಮೂಟೆಯ ಪಕ್ಕದಲ್ಲಿ ನಿಂತೇ ಇದ್ದ.