ಉಪವಾಸ ಬಿದ್ದ ತಟ್ಟೆ

೧೯೬೪ರಲ್ಲಿ ನಾನು ಹಾಸನದ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದೆ. ಕೋಳಿಮೊಟ್ಟೆಯೊಳಗಿನ ಮರಿಯ ಸ್ನಾಯುಕೋಶಗಳನ್ನು ಗಾಜಿನ ತಟ್ಟೆಯಲ್ಲಿ ಬೆಳೆಸುವುದು ನನ್ನ ಹುಚ್ಚು. ಬಿಡಿ ಕೋಶಗಳು ಕೂಡಿಕೊಂಡರೇ ಸ್ನಾಯುವಿನ ಎಳೆಯಾಗುವುದು. ನನ್ನವು ಕೂಡುತ್ತಲೇ ಇರಲಿಲ್ಲ. ಜೈನರ ಮನೆಯಲ್ಲಿ ಹುಟ್ಟಿ ಮೊಟ್ಟೆ ಒಡೆದ ಪಾಪಭಯಕ್ಕೋ ಏನೋ, ಒಂದು ಕೋಶವೂ ಹಸಿದಿರಬಾರದೆಂದು ದಿನವೂ ಹೊಸ ಪೋಷಕರಸ ಹಾಕುತ್ತಿದ್ದೆ. ಅವು ಒಂದು ಒಡೆದು ಎರಡಾಗಿ, ಎರಡು ನಾಲ್ಕಾಗಿ, ಪಕ್ಕಪಕ್ಕದಲ್ಲೇ ಒಂಟಿಯಾಗಿ ಬಿದ್ದಿರುತ್ತಿದ್ದವು.

ಅನಂತ ನೋಂಪಿಯ ಉಪವಾಸವ್ರತಕ್ಕೆಂದು ನಾಲ್ಕು ದಿನ ಬಾಗೂರಿನ ಮನೆಗೆ ಹೋದೆ; ರಸ ಬದಲಿಸುವ ನಾಜೂಕು ಕೆಲಸ ಬೇರೆಯವರಿಗೆ ಬಾರದ್ದರಿಂದ, ತಟ್ಟೆಗಳನ್ನು ಬೆಚ್ಚಗಿಡಲು ಮಾತ್ರ ಹೇಳಿದ್ದೆ. ಅಮ್ಮ ಎಲ್ಲರನ್ನೂ ಒಳಗೆ ಕೂರಿಸಿ, ನನಗೆ ಮಾತ್ರ ಜಗಲಿಯಲ್ಲಿ ಚಾಪೆ ಹಾಕಿದಳು.

"ಮೊಟ್ಟೆ ಮುಟ್ಟಿದ ಕೈ ಕಣಪ್ಪ, ಬೇಜಾರ್ ಮಾಡ್ಕೋಬೇಡ."

ಬೇಜಾರಲ್ಲ, ಸಿಟ್ಟು ಬಂತು. ಆದರೂ ಗೋಡೆಯ ಈಚೆ ಕೂತು, ಅವರೆಲ್ಲರ ಜೊತೆಗೇ ಉಪವಾಸವಿದ್ದೆ.

ಹಾಸನಕ್ಕೆ ಮರಳಿದಾಗ ಅಟೆಂಡರ್ ದ್ಯಾವಯ್ಯ ಪ್ರಯೋಗಶಾಲೆಯ ಬಾಗಿಲಲ್ಲೇ ಸಿಕ್ಕಿದ.

"ನೀವ್ ಏಳ್ದಂಗೆ ಬಿಸಿ ಮಾತ್ರ ನೋಡ್ಕಂಡೆ ಸಾ. ರಸ ಒಂದ್ ತೊಟ್ಟೂ ಆಕ್ನಿಲ್ಲ."

ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟೆ. ಕೋಶಗಳು ಸಾಲುಗಟ್ಟಿ, ನಡುವಿನ ಪೊರೆ ಕಳೆದುಕೊಂಡು ಉದ್ದನೆಯ ಎಳೆಗಳಾಗಿದ್ದವು. ಒಂದು ಎಳೆ ಮಿಡುಕುತ್ತಲೂ ಇತ್ತು. 'ಒಡೆಯಿರಿ, ಒಡೆಯಿರಿ' ಎಂದು ಇಷ್ಟು ದಿನ ಅವಕ್ಕೆ ಹೇಳುತ್ತಿದ್ದುದು ನನ್ನ ರಸದೊಳಗಿನ ಯಾವುದೋ ಅಣುವೇ ಇರಬೇಕು. ಅದು ತೀರಿದ ಮೇಲೆ ಅವು ಒಂದನ್ನೊಂದು ಹುಡುಕಿಕೊಂಡಿದ್ದವು.

ಹಸಿದದ್ದಕ್ಕೆ ಒಂದಾಗಿದ್ದವು. ನಾನೂ ಉಪವಾಸವಿದ್ದೇ ಬಂದಿದ್ದೆ; ನಡುವಿನ ಗೋಡೆ ಮಾತ್ರ ಹಾಗೇ ಇತ್ತು.