ಜೊಂಡಿನ ದೋಣಿಯ ಒಂಬತ್ತು ದಿನ

ಮ್ಯೂಸಿಯಮ್ಮಿನ ಕಾವಲುಗಾರ ಮೂವತ್ತೊಂದು ವರ್ಷ ಒಂದೇ ಕುರ್ಚಿಯ ಮೇಲೆ ಕೂತು ಸಂಬಳ ತಗೊಂಡವನು. ಕುರ್ಚಿಯ ಎದುರಿಗೆ ಗಾಜಿನ ಪೆಟ್ಟಿಗೆ, ಪೆಟ್ಟಿಗೆಯೊಳಗೆ ಅಂಗೈಯಷ್ಟು ಉದ್ದದ ಮಣ್ಣಿನ ದೋಣಿ. ಹಿಂದಿನ ಕಾಲದ ಜನ ಜೊಂಡುಹುಲ್ಲಿನಲ್ಲಿ ಕಟ್ಟುತ್ತಿದ್ದ ದೋಣಿಯ ಮಾದರಿ ಅದು. ಕೆಳಗೊಂದು ಚೀಟಿ: 'ಇಂಥ ದೋಣಿಗಳು ಕೆರೆ, ಹಿನ್ನೀರಿಗೆ ಮಾತ್ರ ಯೋಗ್ಯ. ಸಮುದ್ರ ದಾಟುವ ಶಕ್ತಿ ಇವಕ್ಕಿರಲಿಲ್ಲ.' ಶಾಲೆಯ ಮಕ್ಕಳು ಬಂದಾಗಲೆಲ್ಲ ಕಾವಲುಗಾರ ಅದನ್ನು ಗಟ್ಟಿಯಾಗಿ ಓದಿ ಹೇಳಬೇಕಿತ್ತು. ಓದಿದಾಗಲೆಲ್ಲ ಮನಸ್ಸಿನಲ್ಲೇ ಕೇಳಿಕೊಳ್ಳುತ್ತಿದ್ದ. ಬರೆದವನು ದಾಟಿ ನೋಡಿದ್ದನಾ? ಕೊನೇಪಕ್ಷ ಕಾಲಾದರೂ ನೆನೆಸಿಕೊಂಡಿದ್ದನಾ?

ನಿವೃತ್ತಿಯಾದ ಮಾರನೇ ದಿನ ತಿಂಡಿ ತಿನ್ನುತ್ತಾ ಹೆಂಡತಿಗೆ ಹೇಳಿದ. "ಜೊಂಡಿನ ದೋಣಿ ಕಟ್ಟಿ ಆಚೆ ದ್ವೀಪಕ್ಕೆ ಹೋಗ್ತೀನಿ. ನೀನೂ ಬಾ."

ಆಚೆ ದ್ವೀಪಕ್ಕೆ ಪ್ರಯಾಣಿಕರ ಹಡಗಿನಲ್ಲಿ ನಾಲ್ಕು ಗಂಟೆಯ ದಾರಿ. ಹೆಂಡತಿ ತಟ್ಟೆಯಿಂದ ತಲೆ ಎತ್ತಲಿಲ್ಲ. "ಹುಲ್ಲಿನ ಮೇಲೆ ದನ ಮಲಗುತ್ತೆ. ನಾನು ಮಂಚ ಬಿಟ್ಟು ಎಲ್ಲಿಗೂ ಬರಲ್ಲ."

ಅವನು ಅಲ್ಲಿಂದ ನೇರ ಅಕ್ಕನ ಅಂಗಡಿಗೆ ಹೋದ. ಅಕ್ಕನಿಗೆ ಅರವತ್ತಾರು. ಹಾಸಿಗೆ ಹೊಲಿಯುವುದು ಅವಳ ಕಸುಬು. ಊರಿನ ಅರ್ಧ ಜನ ನಿದ್ದೆ ಮಾಡುವುದು ಅವಳು ಹೊಲಿದ ಹಾಸಿಗೆಯ ಮೇಲೆ. ತಮ್ಮ ಬಿಚ್ಚಿದ ಪುಸ್ತಕ, ತೋರಿಸಿದ ಚಿತ್ರ, ಕೊಟ್ಟ ವಿವರಣೆ ಎಲ್ಲವನ್ನೂ ಅವಳು ಬಾಯಲ್ಲಿ ದಾರ ಕಚ್ಚಿಕೊಂಡೇ ಕೇಳಿಸಿಕೊಂಡಳು. ಆಮೇಲೆ ದಾರ ಉಗುಳಿ, "ತೇಲೋ ಹಾಸಿಗೆ ಅಂತ ಹೇಳೋಕೆ ಇಷ್ಟು ಹೊತ್ತು ಬೇಕಾ? ಹತ್ತಿ ಬದಲು ಜೊಂಡು. ತಗೊಂಡು ಬಾ, ಹೊಲಿಯೋಣ" ಎಂದಳು.

ಮೂರನೆಯವನು ಕಾವಲುಗಾರನ ಭಾವಮೈದುನ, ಕ್ಷೌರಿಕ. ಅವನ ಅಂಗಡಿಯ ಕುರ್ಚಿಯಲ್ಲಿ ಕೂತವರೆಲ್ಲ ತಾವು ನೋಡಿದ ದೇಶ ವರ್ಣಿಸುತ್ತಿದ್ದರು. ಅವನು ಮಾತ್ರ ಬಸ್‌ಸ್ಟ್ಯಾಂಡಿನಿಂದಾಚೆ ಹೋದವನಲ್ಲ. "ಭಾವ, ನನಗೂ ಒಂದು ಕಥೆ ಬೇಕು. ಎಲ್ಲರದೂ ಕೇಳಿ ಕೇಳಿ ಕಿವಿ ತೂತಾಗಿದೆ" ಎಂದ. ಆಗ ಮುಖಕ್ಕೆ ಸೋಪು ಹಚ್ಚಿಸಿಕೊಂಡು ಅದೇ ಕುರ್ಚಿಯಲ್ಲಿ ಒರಗಿದ್ದ ಹಲ್ಲು ಡಾಕ್ಟರು ನೊರೆಯೊಳಗಿಂದಲೇ, "ನಾನೂ ಬರ್ತೀನಿ" ಎಂದರು. ಯಾಕೆಂದು ಕೇಳಿದರೆ, "ಇಪ್ಪತ್ತು ವರ್ಷದಿಂದ ಜನರ ಬಾಯೊಳಗೇ ನೋಡ್ತಾ ಇದ್ದೀನಿ. ಒಂದು ಸಲ ಸ್ವಲ್ಪ ದೂರ ನೋಡೋ ಆಸೆ" ಎಂದರು.

ಹಾಸಿಗೆ ಅಂಗಡಿಯ ಹಿಂದಿನ ಅಂಗಳದಲ್ಲಿ ನಾಲ್ಕು ತಿಂಗಳು ಕೆಲಸ ನಡೆಯಿತು. ಜೊಂಡು ಕೊಯ್ದು, ಒಣಗಿಸಿ, ಕಂತೆ ಕಟ್ಟಿ, ಕಂತೆಗಳನ್ನು ಸೇರಿಸಿ ಎರಡು ದಪ್ಪ ಹೊರೆ ಮಾಡಿ, ಎರಡನ್ನೂ ನಾರಿನ ಹಗ್ಗದಲ್ಲಿ ಬಿಗಿದರು. ಅಕ್ಕನ ಕೈಯಲ್ಲಿ ಮೊಳದುದ್ದದ ದಬ್ಬಣ. ಗಂಟು ಬಿಗಿಯುವಾಗ ಅವಳು ಹೊರೆಗೆ ಕಾಲು ಕೊಟ್ಟು ಎಳೆಯುತ್ತಿದ್ದಳು. ಆಗ ಯಾರೂ ಅವಳನ್ನು ಮಾತಾಡಿಸುವಂತಿರಲಿಲ್ಲ. ಹಾಯಿಗೆ ಚಾಪೆ, ನೀರಿಗೆ ಮಣ್ಣಿನ ಹೂಜಿ. ಕಾವಲುಗಾರನ ಕಾನೂನು ಒಂದೇ: ಹಿಂದಿನವರ ಹತ್ತಿರ ಇಲ್ಲದ್ದು ದೋಣಿಯಲ್ಲಿ ಇರಬಾರದು. ಮೊಳೆ ಬೇಡ, ಪ್ಲಾಸ್ಟಿಕ್ ಬೇಡ, ದಿಕ್ಸೂಚಿ ಬೇಡ. ಹೊರಡುವ ದಿನ ಎಲ್ಲರ ಚೀಲ ತಪಾಸಣೆ ಮಾಡಿದ. ಭಾವಮೈದುನನ ಚೀಲದಲ್ಲಿ ಎರಡು ಕತ್ತರಿ, ರೇಜರು, ಸೋಪು, ಕನ್ನಡಿ ಸಿಕ್ಕವು. ಡಾಕ್ಟರ ಚೀಲದಲ್ಲಿ ಹಲ್ಲು ಕೀಳುವ ಇಕ್ಕಳ.

"ಇದೇನಿದು?"

"ಹಿಂದಿನವರಿಗೆ ಹಲ್ಲು ಇರಲಿಲ್ವಾ?" ಎಂದರು ಡಾಕ್ಟರು.

"ಗಡ್ಡ?" ಎಂದ ಭಾವಮೈದುನ.

ಕಾವಲುಗಾರ ಯೋಚಿಸಿ ಎರಡನ್ನೂ ಬಿಟ್ಟ. ಅಕ್ಕನ ಚೀಲ ಮುಟ್ಟುವ ಧೈರ್ಯ ಅವನಿಗಿರಲಿಲ್ಲ.

ದೋಣಿ ನೀರಿಗಿಳಿದಾಗ ದಡದಲ್ಲಿ ಇನ್ನೂರು ಜನ ಇದ್ದರು. ಗಾಳಿ ಹಾಯಿ ತುಂಬಿತು. ದೋಣಿ ಗಂಭೀರವಾಗಿ ಮುಂದೆ ಹೋಗಿ, ನಿಧಾನವಾಗಿ ಎಡಕ್ಕೆ ತಿರುಗಿ, ಒಂದು ಸುತ್ತು ಹಾಕಿ ಹೊರಟಲ್ಲಿಗೇ ವಾಪಸು ಬಂತು. ಜನ ಚಪ್ಪಾಳೆ ತಟ್ಟಿದರು. ಎರಡನೇ ಸುತ್ತಿಗೂ ತಟ್ಟಿದರು. ಮೂರನೆಯದಕ್ಕೆ ಕೆಲವರು ಮನೆಗೆ ಹೊರಟರು. ಎಡಗಡೆಯ ಹೊರೆ ಬಲಗಡೆಯದಕ್ಕಿಂತ ದಪ್ಪವಾಗಿದೆ ಎಂದು ಅಕ್ಕನಿಗೆ ಆಗ ಹೊಳೆಯಿತು. "ಡಾಕ್ಟ್ರು ಬಲಕ್ಕೆ ಬನ್ನಿ. ನೀನೂ ಬಲಕ್ಕೆ ಬಾರಪ್ಪ. ಹೂಜಿ ಎಲ್ಲಾ ಬಲಕ್ಕೆ. ತಮ್ಮಾ, ನೀನು ಎಡಕ್ಕೆ, ನಿನ್ನಲ್ಲೇನೂ ತೂಕವಿಲ್ಲ." ದೋಣಿ ನೆಟ್ಟಗಾಯಿತು. ಅಂದಿನಿಂದ ಒಂಬತ್ತು ದಿನ ಯಾರಾದರೂ ಜಾಗ ಬದಲಿಸಬೇಕಾದರೆ ಎಲ್ಲರೂ ಬದಲಿಸಬೇಕಾಗುತ್ತಿತ್ತು.

ಚುಕ್ಕಾಣಿ ಅಕ್ಕನ ಕೈಗೆ ಹೋದದ್ದು ಹೀಗೆ. ಬೇರೆಯವರು ಹಿಡಿದರೆ ದೋಣಿಗೆ ಮತ್ತೆ ಸುತ್ತುವ ಹುಚ್ಚು ಬರುತ್ತಿತ್ತು. ಕಾವಲುಗಾರ ಸೂರ್ಯನನ್ನು ನೋಡಿ, ಬೆರಳಿನಲ್ಲಿ ಅಳೆದು, ನೈಋತ್ಯ ಎಂದ. ಅಕ್ಕ ಅವನ ಮಾತು ಕೇಳಿದಂತೆ ಮಾಡಿ ಬೇರೆ ಕಡೆ ತಿರುಗಿಸಿದಳು. ಎರಡನೇ ದಿನ ಅವನಿಗೆ ಗುಟ್ಟು ಗೊತ್ತಾಯಿತು. ಬೆಳಿಗ್ಗೆ ಮತ್ತು ಸಂಜೆ ಪ್ರಯಾಣಿಕರ ಹಡಗು ಪಕ್ಕದಲ್ಲಿ ಹಾದುಹೋಗುತ್ತಿತ್ತು. ಅಕ್ಕ ಅದರ ಬಾಲ ನೋಡಿಕೊಂಡು ದೋಣಿ ತಿರುಗಿಸುತ್ತಿದ್ದಳು.

"ಅಕ್ಕಾ, ಇದು ಮೋಸ. ಹಿಂದಿನವರಿಗೆ ಹಡಗು ಇರಲಿಲ್ಲ."

"ಹಿಂದಿನವರು ಹಕ್ಕಿ ಹೋಗೋ ದಿಕ್ಕು ನೋಡ್ತಿದ್ರು ಅಂತ ನೀನೇ ಓದಿ ಹೇಳಿದ್ಯಲ್ಲ."

"ಹೌದು."

"ಅದು ನನ್ನ ಹಕ್ಕಿ. ಸುಮ್ನೆ ಕೂತ್ಕೋ."

ಹಡಗಿನ ಕ್ಯಾಪ್ಟನ್ ಒಳ್ಳೆಯ ಮನುಷ್ಯ. ಪ್ರತಿ ಸಲ ವೇಗ ಇಳಿಸಿ, ಧ್ವನಿವರ್ಧಕದಲ್ಲಿ, "ಎಲ್ಲಾ ಬದುಕಿದ್ದೀರಾ?" ಎಂದು ಕೇಳುತ್ತಿದ್ದ. ಭಾವಮೈದುನ ಎದ್ದು ನಿಂತು ತಲೆ ಎಣಿಸಿ, ನಾಲ್ಕು ಬೆರಳು ತೋರಿಸುತ್ತಿದ್ದ. ಅವನು ಎದ್ದಾಗಲೆಲ್ಲ ಉಳಿದ ಮೂವರು ಆಕಡೆ ಈಕಡೆ ಸರಿಯುತ್ತಿದ್ದರು.

ನಾಲ್ಕನೇ ದಿನದಿಂದ ತೊಂದರೆ ಶುರುವಾಯಿತು. ಜೊಂಡು ನೀರು ಕುಡಿದು ಭಾರವಾಗಿ, ದೋಣಿಯ ಮೂತಿ ಮೇಲೆ, ಬಾಲ ಮೇಲೆ, ನಡು ಕೆಳಗೆ ಆಯಿತು. ನಡುವೆ ಕೂತಿದ್ದ ಡಾಕ್ಟರು ಸೊಂಟದವರೆಗೆ ನೀರಿನಲ್ಲಿದ್ದರು. ರೊಟ್ಟಿ ಅಂಬಲಿಯಾಗಿತ್ತು. ಉಳಿದದ್ದು ಈರುಳ್ಳಿ. ಕಾವಲುಗಾರ ಮೊದಲ ಸಲ ಹೆದರಿದ. ಚೀಟಿ ಬರೆದವನೇ ಸರಿಯಿದ್ದರೆ? ಒಬ್ಬನ ಹಟಕ್ಕೆ ಮೂರು ಜನರನ್ನು ಕರೆತಂದೆನಲ್ಲ ಎಂದು ಅವನಿಗೆ ಅನ್ನಿಸಿತು. ಅದನ್ನು ಹೇಗೋ ಹೇಳಿಯೂ ಬಿಟ್ಟ.

ಭಾವಮೈದುನ ಆ ಹೊತ್ತಿಗೆ ಮೂತಿಯ ಮೇಲೆ ಕನ್ನಡಿ ಸಿಕ್ಕಿಸಿಕೊಂಡು ಗಡ್ಡ ಹೆರೆಯುತ್ತಿದ್ದ. "ಮುಳುಗೋನಿಗೆ ಹುಲ್ಲುಕಡ್ಡಿ ಆಸರೆ ಅಂತಾರೆ, ಭಾವ. ನಮ್ಮ ಹತ್ರ ಒಂದೂವರೆ ಟನ್ ಇದೆ" ಎಂದ.

ಅಕ್ಕ ಚುಕ್ಕಾಣಿಗೆ ಕಾಲು ಕೊಟ್ಟುಕೊಂಡೇ ದಬ್ಬಣ ಕೈಗೆತ್ತಿಕೊಂಡಳು. "ನಡು ಜೋತುಬಿದ್ದ ಹಾಸಿಗೆ ಇದು. ದಿನಾ ಬರುತ್ತೆ ನನ್ನ ಅಂಗಡಿಗೆ" ಎಂದು, ಮೂತಿಯಿಂದ ಬಾಲಕ್ಕೆ ಹಗ್ಗ ಎಳೆದು, ಅಡ್ಡಡ್ಡ ಹೊಲಿಯತೊಡಗಿದಳು. ನೆನೆದ ಗಂಟು ಬೆರಳಿಗೆ ಸಿಗಲಿಲ್ಲ. ಆಗ ಡಾಕ್ಟರ ಇಕ್ಕಳ ಹೊರಬಂತು. ಗಂಟನ್ನು ದವಡೆಹಲ್ಲಿನಂತೆ ಕಚ್ಚಿ ಹಿಡಿದು ಅವರು ಎಳೆದರು. ಅಭ್ಯಾಸಬಲದಿಂದ ಮಧ್ಯೆಮಧ್ಯೆ, "ನೋಯ್ತಿದೆಯಾ? ಆಯ್ತು, ಇನ್ನೊಂದೇ" ಎಂದು ಜೊಂಡಿಗೆ ಸಮಾಧಾನ ಹೇಳುತ್ತಿದ್ದರು. ಸಂಜೆಯ ಹೊತ್ತಿಗೆ ದೋಣಿಯ ಬೆನ್ನು ನೆಟ್ಟಗಾಯಿತು.

ಆರನೇ ದಿನ ಒಂದು ಮೀನುಗಾರರ ದೋಣಿ ಹತ್ತಿರ ಬಂತು. ಅದರ ಯಜಮಾನನ ಕೆನ್ನೆ ಊದಿ ಕಣ್ಣು ಮುಚ್ಚಿಹೋಗಿತ್ತು. ಡಾಕ್ಟರು ದೂರದಿಂದಲೇ ನೋಡಿ, "ಕೆಳಗಿನ ದವಡೆ, ಎಡಗಡೆ" ಎಂದರು. ಹಲ್ಲು ಕೀಳಲು ರೋಗಿ ಈಚೆ ಬರಬೇಕಾಯಿತು. ರೋಗಿ ಬಂದದ್ದರಿಂದ ತೂಕ ಸರಿದೂಗಿಸಲು ಕಾವಲುಗಾರ ಆಚೆ ದೋಣಿಗೆ ಹೋಗಬೇಕಾಯಿತು. ಅವನು ಹೋಗಲು ಒಪ್ಪಲಿಲ್ಲ. "ನಾನು ಇಳಿದರೆ ಪ್ರಯೋಗ ಕೆಡುತ್ತೆ." ಕೊನೆಗೆ ಒಂದು ಕಾಲು ಇಲ್ಲಿ, ಒಂದು ಕಾಲು ಅಲ್ಲಿ ಇಟ್ಟು ನಿಂತ. ದೋಣಿಗಳು ದೂರವಾದಾಗ ಕಾಲುಗಳೂ ದೂರವಾದವು. ಹಲ್ಲು ಬಂದ ಗಳಿಗೆಯಲ್ಲೇ ಅವನು ನೀರಿಗೆ ಬಿದ್ದ. ಎಲ್ಲರೂ ಮೊದಲು ಹಲ್ಲು ನೋಡಿ, ಆಮೇಲೆ ಅವನನ್ನು ಎತ್ತಿದರು.

ನೋವು ಹೋದ ಯಜಮಾನ ಕೃತಜ್ಞತೆಯಿಂದ, "ಹಗ್ಗ ಕೊಡಿ, ದ್ವೀಪದವರೆಗೆ ಎಳೆದುಕೊಂಡು ಹೋಗ್ತೀನಿ. ಮಧ್ಯಾಹ್ನಕ್ಕೆ ತಲುಪ್ತೀರಿ" ಎಂದ. ಡಾಕ್ಟರು ತಮ್ಮ ಸುಕ್ಕುಗಟ್ಟಿದ ಬೆರಳು ನೋಡಿಕೊಂಡರು. ಕಾವಲುಗಾರ, ಮೈಯಿಂದ ನೀರಿಳಿಯುತ್ತಾ, ಅಕ್ಕನ ಮುಖ ನೋಡಿದ. ಬೇಡ ಅನ್ನಲು ಅವನಿಗೆ ನಾಚಿಕೆ, ಬೇಕು ಅನ್ನಲು ಸಂಕಟ.

"ಹಗ್ಗ ಬೇಡಪ್ಪ" ಎಂದಳು ಅಕ್ಕ. "ನನ್ನ ಹೊಲಿಗೆ ಮೇಲೆ ಯಾಕೆ ಅನುಮಾನ? ಬೇಕಾದ್ರೆ ನಾಲ್ಕು ಬಾಳೆಹಣ್ಣು ಕೊಡು."

ಒಂಬತ್ತನೇ ದಿನ ಬೆಳಿಗ್ಗೆ ದ್ವೀಪದ ಮರಳದಂಡೆ ಕಂಡಿತು. ದಡ ಐವತ್ತು ಹೆಜ್ಜೆ ಇರುವಾಗ ಒಂದು ಸೀಟಿ ಕೇಳಿಸಿತು. ಮೊಣಕಾಲುದ್ದದ ಬೂಟು ಹಾಕಿದ ಒಬ್ಬ ಹೆಂಗಸು ನೀರಿಗಿಳಿದು ಕೈ ಅಡ್ಡ ಹಿಡಿದಳು. ದ್ವೀಪಕ್ಕೆ ಹೊರಗಿನಿಂದ ಬರುವ ಗಿಡ, ಬೀಜ, ಹುಲ್ಲು ತಪಾಸಣೆ ಮಾಡುವ ಅಧಿಕಾರಿ ಆಕೆ.

"ಇದು ಹುಲ್ಲಾ?"

"ದೋಣಿ" ಎಂದ ಕಾವಲುಗಾರ.

ಆಕೆ ಒಂದು ಎಳೆ ಕಿತ್ತು ಮೂಸಿದಳು. "ಹುಲ್ಲು. ಹೊರಗಿನ ಹುಲ್ಲು ದ್ವೀಪದ ಮಣ್ಣು ಮುಟ್ಟೋ ಹಾಗಿಲ್ಲ. ಹುಳ ಇರುತ್ತೆ. ನೀವು ಇಳೀಬಹುದು, ಇದು ಇಳಿಯೋ ಹಾಗಿಲ್ಲ."

"ಮೇಡಂ, ನಾವಲ್ಲ ದಾಟಬೇಕಾದ್ದು, ಇದು. ಇದು ದಡ ಮುಟ್ಟದಿದ್ರೆ ನಾವು ಬಂದೇ ಇಲ್ಲ ಅಂತ ಲೆಕ್ಕ."

"ಹಾಗಾದ್ರೆ ಬಂದಿಲ್ಲ ಅಂತಲೇ ಇಟ್ಕೊಳ್ಳಿ."

ಒಂದು ಗಂಟೆ ವಾದ ನಡೆಯಿತು. ಭಾವಮೈದುನ ಆಕೆಗೆ ಒಂಬತ್ತು ದಿನದ ಕಥೆಯನ್ನು ಮೊದಲಿನಿಂದ ಹೇಳಿದ. ಆಕೆ ಕೇಳಿ, ಪಾಪ ಎಂದು, ನಿಯಮ ನಿಯಮವೇ ಎಂದಳು. ಆ ಹೊತ್ತಿಗೆ ಯಾರೂ ಗಮನಿಸದ ಒಂದು ಸಂಗತಿ ನಡೆದಿತ್ತು. ಸಮುದ್ರದ ಇಳಿತ ಶುರುವಾಗಿ, ಆಕೆಯ ಬೂಟಿನ ಮೊಣಕಾಲಲ್ಲಿದ್ದ ನೀರು ಹಿಮ್ಮಡಿಗೆ ಇಳಿದಿತ್ತು. ದೋಣಿ ಪಿಸ್ ಎಂದು ಒಮ್ಮೆ ಉಸಿರುಬಿಟ್ಟು ಮರಳಿನ ಮೇಲೆ ಕೂತಿತು.

"ನಾವು ತಂದಿಲ್ಲ" ಎಂದಳು ಅಕ್ಕ. "ಇದು ಇದ್ದಲ್ಲೇ ಇದೆ. ನಿಮ್ಮ ದ್ವೀಪವೇ ಬಂತು."

ಅಧಿಕಾರಿ ಬೂಟಿನ ತುದಿಯಿಂದ ಮರಳು ಕೆದಕಿ ನೋಡಿದಳು. ಆಮೇಲೆ ಚೀಲದಿಂದ ಒಂದು ನಮೂನೆ ತೆಗೆದು ಬರೆದಳು: 'ಸಮುದ್ರಮಾರ್ಗವಾಗಿ ಬಂದು ದಡ ಮುಟ್ಟಿದ ಹುಲ್ಲು, ಒಂದು ರಾಶಿ, ಜಪ್ತಿ ಮಾಡಲಾಗಿದೆ.' ತಾರೀಖು ಹಾಕಿ, ಮೊಹರು ಒತ್ತಿ ಒಂದು ಪ್ರತಿ ಕಾವಲುಗಾರನಿಗೆ ಕೊಟ್ಟಳು. ಅವನು ಮೂರು ಸಲ ಓದಿದ. ಜೊಂಡು ಸಮುದ್ರ ದಾಟಿದೆ ಎಂದು ಮೊಹರು ಒತ್ತಿದ ಕಾಗದದಲ್ಲಿ ಇತ್ತು. ಆಕೆಗೆ ಕೈ ಮುಗಿದ. ಮಾಲು ಜಪ್ತಿಯಾದವರು ಕೈ ಮುಗಿಯುವುದು ಆಕೆಯ ಅನುಭವದಲ್ಲಿ ಅದೇ ಮೊದಲು.

ಜಪ್ತಿಯಾದ ರಾಶಿಯನ್ನು ಯಾರೂ ಮುಟ್ಟಬಾರದು ಎಂದು ಆಕೆ ಫಲಕ ನೆಟ್ಟಳು. ದ್ವೀಪದ ಆಡುಗಳಿಗೆ ಓದು ಬರುತ್ತಿರಲಿಲ್ಲ. ಒಂಬತ್ತು ದಿನ ಉಪ್ಪು ಹಿಡಿದ ಹುಲ್ಲು ಅವುಗಳ ಜನ್ಮದಲ್ಲಿ ಸಿಕ್ಕಿರಲಿಲ್ಲ. ಒಂದು ಬಂತು, ಇನ್ನೊಂದನ್ನು ಕರೆಯಿತು, ಎರಡು ದಿನದಲ್ಲಿ ಮೂತಿ, ಬಾಲ, ನಡು ಎಲ್ಲಾ ಖಾಲಿ. ಉಳಿದದ್ದು ಅಕ್ಕನ ಹೊಲಿಗೆಯ ಹಗ್ಗ ಮಾತ್ರ, ಒಂದು ಗಂಟೂ ಬಿಚ್ಚದೆ, ದೋಣಿಯ ಆಕಾರದಲ್ಲೇ ಮರಳ ಮೇಲೆ ಬಿದ್ದಿತ್ತು. ಮೊದಲು ಕಲ್ಲು ಎತ್ತಿಕೊಂಡು ಓಡಿದ ಕಾವಲುಗಾರ, ಆಮೇಲೆ ಕಲ್ಲು ಬಿಸಾಕಿ ಆಡುಗಳ ಪಕ್ಕದಲ್ಲೇ ಕೂತು, ಅವು ಮೆಲುಕು ಹಾಕುವುದನ್ನು ನೋಡಿದ.

ವಾಪಸು ಪ್ರಯಾಣ ಹಡಗಿನಲ್ಲಿ. ಡಾಕ್ಟರು ಬರಲಿಲ್ಲ, ದ್ವೀಪದಲ್ಲಿ ಹಲ್ಲು ಕೀಳುವವರು ಯಾರೂ ಇರಲಿಲ್ಲ, ಮೀನುಗಾರರ ದೋಣಿಯ ಯಜಮಾನ ದ್ವೀಪವೆಲ್ಲ ಸಾರಿದ್ದ, ಬಂದರಿನ ಹತ್ತಿರ ಕೆನ್ನೆ ಹಿಡಿದವರ ಸಾಲು ನಿಂತಿತ್ತು. ಭಾವಮೈದುನ ಹಡಗಿನ ಮೇಲೆ ಹತ್ತಿದವನೇ ಸಿಕ್ಕವರಿಗೆಲ್ಲ ಕಥೆ ಹೇಳತೊಡಗಿದ. ಅಕ್ಕ ಕಿಟಕಿ ಪಕ್ಕದ ಉದ್ದನೆಯ ಮೆತ್ತೆಸೀಟು ಒತ್ತಿ ನೋಡಿ, "ಹೊಲಿಗೆ ಪರವಾಗಿಲ್ಲ" ಎಂದು ಮಲಗಿದಳು. ಒಂಬತ್ತು ದಿನ ಚುಕ್ಕಾಣಿ ಬಿಡದ, ದ್ವೀಪದ ಹಾಸಿಗೆಯಲ್ಲೂ ನಿದ್ದೆ ಹತ್ತದ ಹೆಂಗಸು. ತಲೆ ಇಟ್ಟದ್ದೇ ತಡ, ಗೊರಕೆ.

ಹಡಗು ಬಂದರು ಸೇರಿದರೂ ಅವಳು ಏಳಲಿಲ್ಲ. ಭಾವಮೈದುನ ಇಳಿದುಹೋದ. ಕಾವಲುಗಾರ ಎರಡು ಸಲ ಅವಳ ಭುಜದವರೆಗೆ ಕೈ ತಂದು ಹಿಂದಕ್ಕೆ ತಗೊಂಡ. ಕ್ಯಾಪ್ಟನ್ ಬಂದು ನೋಡಿ, "ಇರಲಿ ಬಿಡಿ, ಎಬ್ಬಿಸಬೇಡಿ. ದ್ವೀಪಕ್ಕೆ ಇನ್ನೊಂದು ಸಲ ಹೋಗಿ ಬರಲಿ" ಎಂದು ಪಿಸುಗುಟ್ಟಿದ. ಕಾವಲುಗಾರ ಮೇಲಿನ ಅಟ್ಟಕ್ಕೆ ಬಂದ. ಕೆಳಗೆ ಬಂದರಿನಲ್ಲಿ ಅವನ ಹೆಂಡತಿ ಬುತ್ತಿ ಹಿಡಿದು ನಿಂತಿದ್ದಳು. ಅವನು ಎರಡೂ ಕೈ ಕೆನ್ನೆಗೆ ಒತ್ತಿ ಅಕ್ಕ ಮಲಗಿದ್ದಾಳೆ ಎಂದು ಸನ್ನೆ ಮಾಡಿದ. ಆಮೇಲೆ ದ್ವೀಪದ ಕಡೆ ಕೈ ತೋರಿಸಿದ.

ಹೆಂಡತಿ ಅವನನ್ನು ನೋಡಿದಳು, ಹಡಗನ್ನು ನೋಡಿದಳು, ಕಳಚುತ್ತಿದ್ದ ಹಗ್ಗವನ್ನು ನೋಡಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಎತ್ತುತ್ತಿದ್ದ ಹಲಗೆಯ ಮೇಲೆ ಎರಡೇ ಹೆಜ್ಜೆಗೆ ಹತ್ತಿ ಬಂದಳು. ಬುತ್ತಿಯನ್ನು ಅವನ ಕೈಗೆ ಕೊಟ್ಟು, ಕೆಳಗೆ ಹೋಗಿ ಅಕ್ಕನ ಕಾಲ ಬುಡದಲ್ಲಿ ಕೂತು, ಜಾರಿಹೋಗಿದ್ದ ಚಾದರವನ್ನು ಅವಳ ಪಾದದ ಮೇಲೆ ಎಳೆದಳು. ಹಡಗು ದ್ವೀಪಕ್ಕೆ ಹೊರಟಿತು.